ಬಿಸಿಲಿಗೆ ಕರಗದ ಬಣ್ಣ

ರಜೆಯಲ್ಲಿ ಮಕ್ಕಳೊಂದಿಗೆ ನಾಶಿಕ್‌ನಿಂದ ಸಂಭಾಜಿನಗರಕ್ಕೆ, ಅಲ್ಲಿಂದ ಅಜಂತಾಕ್ಕೆ ಹೊರಟಿದ್ದೀರಾ? ಮೇಣದ ಕ್ರೇಯಾನ್ ಡಬ್ಬಿಯನ್ನು ಕಾರಿನಲ್ಲೇ ಬಿಟ್ಟು ಇಳಿಯಬೇಡಿ. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದುಂಟು. ಮುಚ್ಚಿದ ಕಾರಿನೊಳಗೆ ಇನ್ನೂ ಹೆಚ್ಚು. ಕರಗಿದ ಮೇಣ ಸೀಟಿಗಿಳಿದರೆ ಕಲೆ ಹೋಗುವುದು ಕಷ್ಟ.

ಪ್ಲಾಸ್ಟಿಕ್ ಕ್ರೇಯಾನ್ ಅಷ್ಟು ಸುಲಭಕ್ಕೆ ಕರಗದು, ಮುರಿಯದು. ಪೆನ್ಸಿಲ್‌ನಂತೆ ಚೂಪು ಮಾಡಿಕೊಳ್ಳಬಹುದು. ಬೆಲೆ ತುಸು ಜಾಸ್ತಿ. ಮೂರು ವರ್ಷದ ಕೈಗೆ ದಪ್ಪನೆಯದೇ ಸರಿ, 12 ಬಣ್ಣ ಸಾಕು. (48ರ ಡಬ್ಬಿಯ ಆಸೆ ಮಗುವಿಗಿಂತ ನಮಗೇ ಹೆಚ್ಚು!) ಅಜಂತಾದ ಕೆಮ್ಮಣ್ಣಿನ ಬಣ್ಣ ಸುಮಾರು 1,500 ವರ್ಷ ಬಾಳಿದೆ, ನಮ್ಮ ಡಬ್ಬಿ ಜೂನ್‌ವರೆಗೆ ಬಾಳಿದರೂ ಆಯಿತು.

ಸ್ಕೆಚ್ ಪೆನ್ ಈಗಲೇ ಬೇಡ. ಪುಟಾಣಿಗಳು ಮುಚ್ಚಳವನ್ನು ಪೆನ್ನಿಗೆ ಹಾಕುವುದಿಲ್ಲ, ಬಾಯಿಗೆ ಹಾಕುತ್ತಾರೆ. ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರಿಗೇ ಅಪಾಯ. ಕೊಳ್ಳಲೇಬೇಕಾದರೆ ಗಾಳಿಯಾಡುವ ತೂತಿರುವ ಮುಚ್ಚಳದ್ದನ್ನೇ ಕೇಳಿ.