ಎಲೆ ಉದುರುವುದು ಬೇರೆ, ಎಲೆ ಕಡಿಯುವುದು ಬೇರೆ

ಮರಳುಗಾಡಿನ ಪೊದೆಗಳ ವಿಚಾರ ಅಡಿಕೆ-ಕಾಫಿ ಬೆಳೆಗಾರರಿಗೆ ಏತಕ್ಕೆ ಎಂದು ಸದಸ್ಯ ಬಂಧುಗಳು ಕೇಳಬಹುದು. ರಾಜಸ್ಥಾನದ ಜೈಸಲ್ಮೇರ್ ಸೀಮೆಯಲ್ಲಿ ವರ್ಷವಿಡೀ ಬೀಳುವ ಮಳೆ ಏಳೆಂಟು ಅಂಗುಲ. ನಮ್ಮ ಆಗುಂಬೆಯಲ್ಲಿ ಜುಲೈ ತಿಂಗಳ ಒಂದೇ ವಾರದಲ್ಲಿ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಆದರೂ ಆ ಸೀಮೆಯ ಸಣ್ಣ ರೈತನಿಗೂ ನಮಗೂ ಒಂದು ನಂಟು ಉಂಟು. ಅವನೂ ಮರದ ಸೊಪ್ಪು ಕಡಿದು ಬದುಕುವವನು, ನಾವೂ ಹಾಗೆಯೇ. ಅವನ ಸೊಪ್ಪು ಒಂಟೆ, ಆಡು, ದನಗಳ ಬಾಯಿಗೆ ಹೋಗುತ್ತದೆ. ನಮ್ಮ ಸೊಪ್ಪು ಕೊಟ್ಟಿಗೆಗೆ ಹೋಗಿ, ಗೊಬ್ಬರವಾಗಿ ಅಡಿಕೆಯ ಬುಡ ಸೇರುತ್ತದೆ. ಒಂದು ಗಿಡ ಎಷ್ಟು ಎಲೆ ಕಳೆದುಕೊಂಡು ತಾಳಬಲ್ಲುದು, ಎಲ್ಲಿಗೆ ಅದರ ತಾಳ್ಮೆ ಮುಗಿಯುತ್ತದೆ ಎಂಬ ಪ್ರಶ್ನೆ ಇಬ್ಬರ ಮುಂದೆಯೂ ಇದೆ. ಈ ಪ್ರಶ್ನೆಯನ್ನು ಮರಳುಗಾಡಿನಷ್ಟು ಸ್ಪಷ್ಟವಾಗಿ ಬೇರಾವ ನೆಲವೂ ಕಲಿಸಲಾರದೆಂದು ನಮ್ಮ ಭಾವನೆ.

ಎಲೆಯಿಲ್ಲದೆ ಬದುಕುವ ಬಗೆ

ಥಾರ್ ಮರಳುಗಾಡಿನಲ್ಲಿ ಕೇರ್ ಎಂಬ ಪೊದೆಯಿದೆ. ಸಂಸ್ಕೃತದಲ್ಲಿ ಇದಕ್ಕೆ ಕರೀರವೆಂದು ಹೆಸರು. ಭರ್ತೃಹರಿಯ ನೀತಿಶತಕದಲ್ಲಿಯೂ ಇದರ ಪ್ರಸ್ತಾಪ ಬರುತ್ತದೆ. ಎಳೆಯ ಕುಡಿಗಳಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡದೆನ್ನಬಹುದಾದ ಎಲೆಗಳು ಮೂಡಿ ಬೇಗನೆ ಉದುರಿಹೋಗುತ್ತವೆ. ಆಮೇಲೆ ಪೊದೆಯ ತುಂಬ ಇರುವುದು ಹಸಿರು ಕಡ್ಡಿಗಳು ಮಾತ್ರ. ಆ ಕಡ್ಡಿಗಳ ತೊಗಟೆಯಲ್ಲಿಯೇ ಪತ್ರಹರಿತ್ತು ಇದೆ. ಎಲೆ ಮಾಡಬೇಕಾದ ಅಡಿಗೆಯನ್ನು ಕಡ್ಡಿಯೇ ಮಾಡುತ್ತದೆ. ಕಡ್ಡಿಗೆ ಅಗಲವಿಲ್ಲ, ಮೇಲೆ ಮೇಣದ ಲೇಪವಿದೆ. ಆದ್ದರಿಂದ ನೀರು ಆವಿಯಾಗಿ ಹೋಗುವುದು ಕಡಿಮೆ. ಬೇರು ಬಹಳ ಆಳಕ್ಕೆ ಇಳಿಯುತ್ತದೆ. ಬೇಸಗೆಯ ಬಾಗಿಲಲ್ಲಿ ಈ ಪೊದೆ ಕೆಂಪು ಹೂ ಬಿಟ್ಟು, ಉಪ್ಪಿನಕಾಯಿಗೆ ಬರುವ ಕಾಯಿ ಕೊಡುತ್ತದೆ.

ಫೋಗ್ ಎಂಬುದು ಮತ್ತೊಂದು. ಮರಳು ದಿಬ್ಬದ ಮೇಲೆ ಬೆಳೆದು ದಿಬ್ಬ ಹಾರಿಹೋಗದಂತೆ ಹಿಡಿದಿಡುವ ಪೊದೆ ಇದು. ಇದಕ್ಕೂ ಎಲೆಯೆಂಬುದು ಹೆಸರಿಗೆ ಮಾತ್ರ. ಹಸಿರು ಕಿರುಕಡ್ಡಿಗಳೇ ಎಲೆಯ ಕೆಲಸ ಮಾಡುತ್ತವೆ. ಬರ ಬಹಳವಾದರೆ ಆ ಕಿರುಕಡ್ಡಿಗಳನ್ನೂ ಉದುರಿಸಿ ಸುಮ್ಮನಿರುತ್ತದೆ. ಇದರ ಹೂವನ್ನು ಅಲ್ಲಿಯ ಜನ ಮೊಸರಿಗೆ ಹಾಕಿ ಉಣ್ಣುತ್ತಾರೆ.

ಅಮೆರಿಕದ ಸೊನೋರನ್ ಮರಳುಗಾಡಿನ ಒಕೊಟಿಯೋ ಗಿಡದ ದಾರಿ ಬೇರೆ. ಮಳೆ ಬಿದ್ದ ಕೆಲವೇ ದಿನಗಳಲ್ಲಿ ಅದರ ಕೋಲುಗಳ ತುಂಬ ಎಲೆ ಬರುತ್ತದೆ. ನೆಲ ಒಣಗಿತೋ, ಎಲ್ಲ ಎಲೆ ಉದುರಿಸಿಬಿಡುತ್ತದೆ. ಮತ್ತೆ ಮಳೆ ಬಂದರೆ ಮತ್ತೆ ಎಲೆ. ಹೀಗೆ ಒಂದೇ ವರ್ಷದಲ್ಲಿ ಹಲವು ಬಾರಿ ನಡೆಯುತ್ತದೆ.

ಇವುಗಳನ್ನು ನೋಡಿದವನಿಗೆ, ಎಲೆ ಹೋದರೆ ಗಿಡಕ್ಕೆ ಏನೂ ನಷ್ಟವಿಲ್ಲವೆಂದು ತೋರುವುದು ಸಹಜ. ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲಿಯೇ.

ಕೊಡುವುದಕ್ಕೆ ಮೊದಲು ಹಿಂಪಡೆಯುವುದು

ಗಿಡ ತಾನಾಗಿ ಎಲೆ ಉದುರಿಸುವಾಗ ಮನೆ ಬಿಟ್ಟು ಹೋಗುವ ಯಜಮಾನನಂತೆ ನಡೆದುಕೊಳ್ಳುತ್ತದೆ. ಬೆಲೆಬಾಳುವ ಸಾಮಾನುಗಳನ್ನು ಮೊದಲು ಸಾಗಿಸುತ್ತದೆ. ಎಲೆಯಲ್ಲಿರುವ ಸಾರಜನಕ, ರಂಜಕಗಳಲ್ಲಿ ಸುಮಾರು ಅರ್ಧದಷ್ಟನ್ನು ಹಿಂದಕ್ಕೆ ಎಳೆದುಕೊಂಡು ರೆಂಬೆ, ಕಾಂಡ, ಬೇರುಗಳಲ್ಲಿ ಇರಿಸುತ್ತದೆ. ಎಲೆ ಹಳದಿಯಾಗುವುದು ಈ ಸಾಗಾಟದ ಗುರುತು. ತೊಟ್ಟಿನ ಬುಡದಲ್ಲಿ ಬೆಂಡಿನ ಪದರವೊಂದು ಕಟ್ಟಿಕೊಳ್ಳುತ್ತದೆ. ಎಲೆ ಕಳಚಿದ ಮೇಲೆ ಅಲ್ಲಿ ಗಾಯವಿರುವುದಿಲ್ಲ, ಮುಚ್ಚಿದ ಬಾಗಿಲು ಇರುತ್ತದೆ.

ಕತ್ತಿಯಿಂದ ಕಡಿದ ಸೊಪ್ಪಿನಲ್ಲಿ ಇದಾವುದೂ ನಡೆದಿರುವುದಿಲ್ಲ. ಎಲೆಯ ಸಾರವೆಲ್ಲ ಎಲೆಯಲ್ಲಿಯೇ ಇರುತ್ತದೆ. ಹಸಿ ಸೊಪ್ಪಿನ ಗೊಬ್ಬರ ಒಣ ದರಗಿನ ಗೊಬ್ಬರಕ್ಕಿಂತ ಬಲವಾದದ್ದೆಂದು ನಾವೆಲ್ಲರೂ ಬಲ್ಲೆವು. ಅದರ ಕಾರಣ ಇದೇ. ನಮಗೆ ದಕ್ಕಿದ ಬಲ ಮರ ಹಿಂಪಡೆಯಲಾಗದೆ ಹೋದ ಬಲ. ತೋಟದ ಜಮೆಯಲ್ಲಿ ಬರೆದುಕೊಂಡದ್ದು ಮರದ ಖರ್ಚಿನಲ್ಲಿ ಬಿದ್ದಿರುತ್ತದೆ.

ಕಡಿದ ಮೇಲೆ ಬರುವ ಚಿಗುರು ಎಲ್ಲಿಂದ ಬರುತ್ತದೆ? ಆಗ ಎಲೆಯಿಲ್ಲ, ಹೊಸ ಅಡಿಗೆಯಿಲ್ಲ. ಬೇರು ಕಾಂಡಗಳಲ್ಲಿ ಕೂಡಿಟ್ಟ ಪಿಷ್ಟವನ್ನು ತೆಗೆದು ಗಿಡ ಚಿಗುರುತ್ತದೆ. ಚಿಗುರು ಬಲಿತು ಮರಳಿ ದುಡಿದ ಮೇಲೆ ಆ ಠೇವಣಿ ತುಂಬಬೇಕು. ತುಂಬುವ ಮುನ್ನ ಮತ್ತೆ ಕಡಿದರೆ ಅಸಲಿಗೆ ಕೈ ಹಾಕಿದಂತೆ. ಕೆಲವು ವರ್ಷ ಚಿಗುರು ಬಂದೀತು. ವರ್ಷ ವರ್ಷಕ್ಕೆ ಸಣ್ಣದಾಗಿ ಬಂದೀತು. ಚಿಗುರನ್ನು ನೋಡಿ ಮರ ಕ್ಷೇಮವೆಂದು ತಿಳಿಯುವವನು, ಸಾಲ ತಂದು ಮದುವೆ ಮಾಡಿದವನ ಚಪ್ಪರ ನೋಡಿ ಅವನನ್ನು ಶ್ರೀಮಂತನೆಂದು ತಿಳಿದಂತೆಯೇ ಸರಿ.

ಕೇರ್, ಫೋಗ್‌ಗಳ ಮಟ್ಟಿಗೆ ಅಪಾಯ ಇನ್ನೂ ಹೆಚ್ಚಿನದು. ಹಸಿರು ಕಡ್ಡಿಯ ದುಡಿಮೆ ಅಗಲವಾದ ಎಲೆಯ ದುಡಿಮೆಗೆ ಸಮನಲ್ಲ. ಆದ್ದರಿಂದ ಇವು ಬಹು ನಿಧಾನವಾಗಿ ಬೆಳೆಯುತ್ತವೆ. ಕಡ್ಡಿ ಕಡಿದರೆ ಎಲೆಯೂ ಹೋಯಿತು, ಕಾಂಡವೂ ಹೋಯಿತು. ಫೋಗ್‌ನ ಬೇರನ್ನಂತೂ ಸೌದೆಗೆ, ಇದ್ದಿಲಿಗೆಂದು ಅಗೆದು ತೆಗೆದದ್ದರಿಂದ ಥಾರ್‌ನ ಎಷ್ಟೋ ದಿಬ್ಬಗಳು ಬೋಳಾಗಿವೆ. ಎಲೆ ಹೋದರೆ ತಾಳುವ ಗಿಡ, ಠೇವಣಿಯೇ ಹೋದರೆ ತಾಳುವುದು ಹೇಗೆ?

ಬನ್ನಿಯ ಪಾಠ

ಮರುಭೂಮಿಯ ಖೇಜ್ರಿ ನಮಗೆ ಅಪರಿಚಿತವಲ್ಲ. ವಿಜಯದಶಮಿಯಂದು ಉತ್ತರ ಕರ್ನಾಟಕದ ಜನ ಯಾವುದರ ಎಲೆಯನ್ನು ಬಂಗಾರವೆಂದು ಹಂಚಿಕೊಳ್ಳುತ್ತಾರೋ ಅದೇ ಬನ್ನಿ ಮರ ಇದು. ದನ ಕರು ಮೇದಲ್ಲಿ ಪೊದೆಯಾಗಿ, ಬಿಟ್ಟಲ್ಲಿ ಮರವಾಗಿ ಬೆಳೆಯುತ್ತದೆ. ಇದರ ಬೇರು ನೂರು ಅಡಿಯವರೆಗೂ ಇಳಿದದ್ದುಂಟು. ಇದರ ಎಲೆ ಅಲ್ಲಿ ಮೇವು, ಕಾಯಿ ತರಕಾರಿ. ಇದರ ಕೆಳಗೆ ಸಜ್ಜೆ ಚೆನ್ನಾಗಿ ಬೆಳೆಯುವುದರಿಂದ ರೈತ ಇದನ್ನು ಹೊಲದ ನಡುವೆಯೇ ಉಳಿಸಿಕೊಳ್ಳುತ್ತಾನೆ. 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿ ಗ್ರಾಮದಲ್ಲಿ, ಅರಮನೆಯ ಕೆಲಸಕ್ಕೆಂದು ಈ ಮರಗಳನ್ನು ಕಡಿಯಲು ಬಂದಾಗ ಅಮೃತಾ ದೇವಿಯೂ ಅವಳ ಜೊತೆಯ ಬಿಷ್ಣೋಯಿ ಜನರೂ ಮರಗಳನ್ನು ಅಪ್ಪಿ ನಿಂತು 363 ಮಂದಿ ಪ್ರಾಣ ಕೊಟ್ಟರು. 1983ರಲ್ಲಿ ಇದು ರಾಜಸ್ಥಾನದ ರಾಜ್ಯವೃಕ್ಷವಾಯಿತು.

ಇಷ್ಟು ಗೌರವವಿದ್ದ ಮರವೇ ಈಗ ಅಲ್ಲಿ ಒಣಗುತ್ತಿದೆ. ಜೋಧಪುರದಲ್ಲಿ ಒಣಭೂಮಿಯ ಸಂಶೋಧನೆಗೆಂದೇ 1959ರಿಂದ ಕೇಂದ್ರ ಸಂಸ್ಥೆಯೊಂದಿದೆ. ಅಲ್ಲಿಯ ವಿಜ್ಞಾನಿಗಳೂ ಇತರರೂ ಹುಡುಕಿದಾಗ ಸಿಕ್ಕಿದ್ದು ಒಂದು ಕಾರಣವಲ್ಲ. ಕೊಳವೆ ಬಾವಿಗಳಿಂದ ಅಂತರ್ಜಲ ಕೆಳಗಿಳಿದಿದೆ. ಟ್ರ್ಯಾಕ್ಟರ್ ಉಳುಮೆಯಿಂದ ಬೇರು ತುಂಡಾಗುತ್ತದೆ, ಸಸಿಗಳು ಮಣ್ಣುಪಾಲಾಗುತ್ತವೆ. ಬೇರು ಕೊರೆಯುವ ಹುಳು, ಬುಡ ಕೊಳೆಸುವ ಅಣಬೆ ಜೊತೆಗೂಡಿವೆ. ಇವೆಲ್ಲದರ ಮೇಲೆ, ಬಿಡುವಿಲ್ಲದೆ ವರ್ಷ ವರ್ಷವೂ ಇಡೀ ಮರವನ್ನು ಬೋಳಿಸುವ ಪದ್ಧತಿ. ಈಚಿನ ವರ್ಷಗಳಲ್ಲಿ ಬಿಕಾನೇರ್ ಸೀಮೆಯಲ್ಲಿ ಸೌರ ವಿದ್ಯುತ್ ಸ್ಥಾವರಗಳಿಗೆಂದು ಈ ಮರಗಳನ್ನು ಕಡಿದದ್ದು, ಜನ ಪ್ರತಿಭಟಿಸಿದ್ದು ಬೇರೆ.

ಇದರಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಪೂರ್ತಿ ಬೋಳಿಸಿದ ಖೇಜ್ರಿ ಆ ವರ್ಷ ಕಾಯಿ ಬಿಡುವುದಿಲ್ಲ. ಕಾಯಿಯಿಲ್ಲದಿದ್ದರೆ ಬೀಜವಿಲ್ಲ, ಬೀಜವಿಲ್ಲದಿದ್ದರೆ ಸಸಿಯಿಲ್ಲ. ಮರ ಮಾತ್ರ ಇನ್ನೂ ನಿಂತಿರುತ್ತದೆ, ಚಿಗುರುತ್ತಲೂ ಇರುತ್ತದೆ. ನೋಡುವವನಿಗೆ ಎಲ್ಲವೂ ಸರಿಯಾಗಿದೆ. ನಲವತ್ತು ವರ್ಷದ ಮೇಲೆ ಮುದಿ ಮರಗಳೆಲ್ಲ ಒಟ್ಟಿಗೆ ಬೀಳತೊಡಗಿದಾಗ, ಅವುಗಳ ಜಾಗಕ್ಕೆ ಬರುವ ಎಳೆಯವು ಒಂದೂ ಇಲ್ಲವೆಂದು ಆಗ ಗೊತ್ತಾಗುತ್ತದೆ. ಮಕ್ಕಳೆಲ್ಲ ಪಟ್ಟಣ ಸೇರಿ, ಹಿರಿಯರೇ ದೀಪ ಹಚ್ಚಿಕೊಂಡು ಕುಳಿತ ಮಲೆನಾಡಿನ ಮನೆಗಳನ್ನು ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಖಾಲಿಯಾದ ಜಾಗ ಖಾಲಿಯೂ ಉಳಿಯುವುದಿಲ್ಲ. ಎಷ್ಟು ಕಡಿದರೂ ಬುಡದಿಂದ ನುಗ್ಗಿ ಬರುವ ಬಳ್ಳಾರಿ ಜಾಲಿ ರಾಜಸ್ಥಾನದಲ್ಲಿ ದೇಶೀ ಪೊದೆಗಳ ಜಾಗವನ್ನು ಅಪಾರವಾಗಿ ಆಕ್ರಮಿಸಿದೆ. ಕತ್ತಿಗೆ ಬೇಗ ಚೇತರಿಸಿಕೊಳ್ಳುವ ಗಿಡವೇ ಕತ್ತಿ ಆಡುವ ನೆಲದ ಒಡೆಯನಾಗುತ್ತದೆ.

ನಮ್ಮ ಬೆಟ್ಟದ ಲೆಕ್ಕ

ಉತ್ತರ ಕನ್ನಡದಲ್ಲಿ ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಳಸುವ ಹಕ್ಕು ಹಿಂದಿನಿಂದ ಬಂದಿದೆ. ಶಿವಮೊಗ್ಗದ ಸೊಪ್ಪಿನ ಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ ಇವೆಲ್ಲ ತೋಟದ ಬೆನ್ನಿಗೆ ನಿಂತ ಕಾಡುಗಳೇ. ಒಂದೆಕರೆ ತೋಟಕ್ಕೆ ಇಷ್ಟು ಕಾಡು ಬೇಕೆಂದು ಹಿರಿಯರು ಕೇಳಿದ್ದು ದುರಾಸೆಯಿಂದಲ್ಲ. ಹೆಚ್ಚು ಮರಗಳಿದ್ದರೆ ಪ್ರತಿ ಮರಕ್ಕೂ ಬಿಡುವು ಸಿಗುತ್ತದೆ.

ಇಂದು ನಮ್ಮ ಬೆಟ್ಟಗಳಲ್ಲಿ ಮತ್ತಿ, ಕಿಂದಳ, ನೇರಳೆ, ಕೌಲು ಮರಗಳು ತುದಿಯಲ್ಲಿ ಒಂದು ಹಿಡಿ ಎಲೆ ಹೊತ್ತು ಕಂಬಗಳಂತೆ ನಿಂತಿರುವುದು ಸಾಮಾನ್ಯ ನೋಟ. ಅವುಗಳ ಕೆಳಗೆ ಮತ್ತಿಯ ಸಸಿ ಹುಡುಕಿದರೆ ಸಿಗುವುದು ಯುಪಟೋರಿಯಂ, ಲಾಂಟಾನ. ಸೊಪ್ಪು ಕಡಿಯಲು ಆಳು ಸಿಗುವುದು ದುರ್ಲಭವಾಗಿ, ಹೊರೆ ಲೆಕ್ಕದ ಗುತ್ತಿಗೆ ಬಂದಿದೆ. ಹೊರೆ ಲೆಕ್ಕದವನು ಹತ್ತು ಮರ ಹತ್ತಿ ಸ್ವಲ್ಪ ಸ್ವಲ್ಪ ತೆಗೆಯುವುದಿಲ್ಲ. ಎರಡು ಮರ ಹತ್ತಿ ಪೂರ್ತಿ ತೆಗೆಯುತ್ತಾನೆ. ಅವನನ್ನು ದೂರುವುದು ನ್ಯಾಯವಲ್ಲ. ಲೆಕ್ಕ ಕಟ್ಟಿಕೊಟ್ಟವರು ನಾವು.

ಎಲೆ ಹೋಗುವ ಸಂಕಟ ನಮಗೆ ಹೊಸತೂ ಅಲ್ಲ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಆ ದ್ವೀಪದ ಕಾಫಿ ಬೇಸಾಯವನ್ನೇ ಮುಗಿಸಿತು. ಎಲೆ ಉದುರಿದ ಕಾಫಿ ಗಿಡ ಕಾಯಿ ತುಂಬಿಸಲು ರೆಂಬೆಯ ಪಿಷ್ಟವನ್ನೆಲ್ಲ ಖರ್ಚು ಮಾಡಿ ಒಣಗುವುದನ್ನು ನಾವು ಕಂಡಿದ್ದೇವೆ. ಅಡಿಕೆಯ ಗತಿ ಇನ್ನೂ ಕಠಿಣ. ಅದಕ್ಕೆ ಇರುವುದು ಒಂದೇ ಸುಳಿ, ಕವಲೊಡೆದು ಚಿಗುರುವ ಭಾಗ್ಯವಿಲ್ಲ. ಒಂದೊಂದು ಸೋಗೆಯ ಬುಡಕ್ಕೂ ಒಂದೊಂದು ಹಿಂಗಾರ. ಎಲೆಚುಕ್ಕಿ ರೋಗದಲ್ಲಿ ಸೋಗೆ ಒಣಗಿದರೆ ಕೊನೆಯ ಮೇಲೆ ಏಟು ಬೀಳುವುದೆಂದು ಈಚಿನ ವರ್ಷಗಳಲ್ಲಿ ಎಷ್ಟೋ ಕುಟುಂಬಗಳು ಕಣ್ಣೀರಿನೊಡನೆ ಕಲಿತಿವೆ. ತೋಟದೊಳಗೆ ಒಂದು ಸೋಗೆ ಹೋದರೆ ಮರುಗುವ ನಾವು ಬೇಲಿಯಾಚೆ ಇಡೀ ಮರ ಬೋಳಾದರೆ ಮರುಗದಿರುವುದು ಸರಿಯೇ?

ನಮ್ಮ ಸಲಹೆ

ಅಜ್ಜಂದಿರ ಕಾಲದಿಂದ ಕಡಿಯುತ್ತ ಬಂದಿದ್ದೇವೆ, ಮರ ಸತ್ತಿಲ್ಲ ಎಂದು ಕೆಲವರು ಹೇಳುತ್ತಾರೆ. ಅಜ್ಜಂದಿರು ಕಡಿದದ್ದು ನಿಜ. ಅವರ ಕಾಲದಲ್ಲಿ ಬೆಟ್ಟದಲ್ಲಿ ಮರಗಳು ದಟ್ಟವಾಗಿದ್ದವು ಎಂಬುದೂ ನಿಜ. ಇನ್ನು ಕೆಲವರು, ಸೊಪ್ಪು ಕಡಿಯುವುದನ್ನೇ ಕಾನೂನಿನಿಂದ ನಿಲ್ಲಿಸಬೇಕೆನ್ನುತ್ತಾರೆ. ಇದನ್ನೂ ನಾವು ಒಪ್ಪುವುದಿಲ್ಲ. ಉಪಯೋಗವಿಲ್ಲದ ಕಾಡನ್ನು ಯಾರೂ ಕಾಯುವುದಿಲ್ಲ. ರಾಜಸ್ಥಾನದ ಓರಣ್ ಎಂಬ ದೇವರ ವನಗಳಲ್ಲಿ ಕೊಡಲಿ ಕೂಡದು, ದನ ಮೇಯಬಹುದು ಎಂಬ ಕಟ್ಟಳೆಯಿಂದಲೇ ಕೇರ್, ಖೇಜ್ರಿಗಳು ಉಳಿದುಬಂದಿವೆ. ನಮಗೆ ಬೇಕಾದದ್ದು ಅಂತಹ ಕಟ್ಟಳೆ.

ಆದ್ದರಿಂದ ಸದಸ್ಯರ ಪರಿಶೀಲನೆಗೆ ಈ ಕೆಲವು ಮಾತುಗಳು. ಮೊದಲನೆಯದಾಗಿ, ಬೆಟ್ಟವನ್ನು ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲಿನಲ್ಲಿ ಮಾತ್ರ ಸೊಪ್ಪು ತೆಗೆಯೋಣ. ಪ್ರತಿ ಮರಕ್ಕೂ ಎರಡು ವರ್ಷದ ಬಿಡುವು ಸಿಕ್ಕಲಿ. ಎರಡನೆಯದಾಗಿ, ಯಾವ ಮರದಲ್ಲಿಯೂ ಮೇಲಿನ ಮೂರನೆಯ ಒಂದು ಭಾಗಕ್ಕೆ ಕತ್ತಿ ತಾಗಿಸುವುದು ಬೇಡ. ಮೂರನೆಯದಾಗಿ, ಎಕರೆಗೆ ಹತ್ತು ಮರಗಳನ್ನಾದರೂ ಗುರುತು ಮಾಡಿ ಬೀಜಕ್ಕೆಂದು ಪೂರ್ತಿ ಬಿಡೋಣ, ಅವುಗಳ ಬುಡದ ದರಗನ್ನೂ ಗುಡಿಸದಿರೋಣ. ನಾಲ್ಕನೆಯದಾಗಿ, ಹೊರೆ ಲೆಕ್ಕ ಬಿಟ್ಟು ದಿನದ ಲೆಕ್ಕಕ್ಕೆ ಕೂಲಿ ಕೊಡೋಣ. ಇದರಿಂದ ಆಗುವ ಸೊಪ್ಪಿನ ಕೊರತೆಯನ್ನು ಬೇಲಿಸಾಲಿನ ಗೊಬ್ಬರದ ಗಿಡ, ಕಾಫಿ ತೋಟದ ಹಾಲುವಾಣದ ಸೊಪ್ಪು, ಅಡಿಕೆ ಸಿಪ್ಪೆ ಮತ್ತು ಸೋಗೆಯ ಕಾಂಪೋಸ್ಟ್‌ಗಳಿಂದ ಬಹುಮಟ್ಟಿಗೆ ತುಂಬಿಕೊಳ್ಳಬಹುದು.

ಒಬ್ಬನೇ ಮಾಡಿದರೆ ಇದು ನಡೆಯುವ ಕೆಲಸವಲ್ಲ. ತನ್ನ ಪಾಲಿಗೆ ಬಿಡುವು ಕೊಟ್ಟವನ ಬೆಟ್ಟಕ್ಕೆ ಪಕ್ಕದವನ ಕತ್ತಿ ಬಂದೀತು. ಊರಿಗೊಂದು ಒಪ್ಪಂದವಾಗಬೇಕು, ಅದಕ್ಕೆ ಸಂಘವೇ ಮುಂದಾಗಬೇಕು. ಸದಸ್ಯರು ತಮ್ಮ ಊರಿನ ಬೆಟ್ಟದಲ್ಲಿ ಒಮ್ಮೆ ಸುತ್ತಾಡಿ, ಮರಗಳನ್ನು ಎಣಿಸುವುದಕ್ಕಿಂತ ಮೊಣಕಾಲೆತ್ತರದ ಸಸಿಗಳನ್ನು ಎಣಿಸಿಕೊಂಡು ಬರಬೇಕೆಂದು ಕೋರುತ್ತೇವೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಆ ಎಣಿಕೆಯನ್ನು ಮುಂದಿಟ್ಟುಕೊಂಡೇ ಮಾತನಾಡೋಣ.