ಸೇರುವ ಮುಂಚೆ ಪರೀಕ್ಷೆ, ಸೇರಿದ ಮೇಲೆ?



ಪ್ರತಿವರ್ಷ ಮಳೆಗಾಲ ಮುಗಿದು ಇಲ್ಲಿ ನಾವು ಅಡಿಕೆ ಕೊಯ್ಲಿಗೆ ತಯಾರಾಗುವ ಹೊತ್ತಿಗೆ ಬ್ರಸೆಲ್ಸ್‌ನಿಂದ ಒಂದು ಕಟ್ಟು ವರದಿ ಹೊರಗೆ ಬೀಳ್ತದೆ. ಯುರೋಪಿಯನ್ ಒಕ್ಕೂಟಕ್ಕೆ ಸೇರಲು ಸಾಲಿನಲ್ಲಿ ನಿಂತ ದೇಶಗಳ ಮಾರ್ಕ್ಸ್ ಕಾರ್ಡ್ ಅದು. ಸರ್ಬಿಯಾ, ಅಲ್ಬೇನಿಯಾ, ಉತ್ತರ ಮ್ಯಾಸಿಡೋನಿಯಾ, ಉಕ್ರೇನ್, ಮಾಲ್ಡೋವಾ ಎಲ್ಲ ಆ ಸಾಲಿನಲ್ಲಿ ಉಂಟು. ಪಾಠ ಒಂದಲ್ಲ, ಮೂವತ್ತಕ್ಕಿಂತ ಹೆಚ್ಚು: ಕೋರ್ಟು, ಚುನಾವಣೆ, ಲಂಚ, ಕೃಷಿ, ಮೀನುಗಾರಿಕೆ, ತೆರಿಗೆ. ಒಂದೊಂದರ ಎದುರಿಗೂ ತಯಾರಿ ಎಷ್ಟು ಅಂತ ಬರೆದಿರ್ತದೆ.

ಎಣ್ಮಕಜೆಯಲ್ಲಿ ಕೂತ ನಮಗೆ ಇದೆಲ್ಲ ಯಾಕೆ ಮಾರಾಯ್ರೆ ಅಂತ ಕೇಳ್ಬಹುದು. ಯಾಕೆಂದರೆ ಆ ಪ್ರಶ್ನೆಪತ್ರಿಕೆಯಲ್ಲಿ ನಮ್ಮ ಪ್ರಶ್ನೆಯೂ ಉಂಟು. 1993ರಲ್ಲಿ ಕೋಪನ್‌ಹೇಗನ್‌ನಲ್ಲಿ ಸೇರಿದ ಯುರೋಪಿನ ನಾಯಕರು ಹೊಸಬರಿಗೆ ಷರತ್ತು ಹಾಕಿದಾಗ ಪ್ರಜಾಪ್ರಭುತ್ವ, ಕಾನೂನಿನ ಆಡಳಿತ, ಮಾನವ ಹಕ್ಕುಗಳ ಪಕ್ಕದಲ್ಲೇ ಅಲ್ಪಸಂಖ್ಯಾತರ ರಕ್ಷಣೆಯನ್ನೂ ಬರೆದರು. ಗಡಿಯಲ್ಲಿ ಬೇರೆ ಭಾಷೆ ಆಡುವವರನ್ನು ನೀವು ಹೇಗೆ ನಡೆಸಿಕೊಳ್ತೀರಿ ಅಂತ ನೋಡಿಯೇ ಬಾಗಿಲು ತೆಗೆಯುವುದು ಅಂತ.

ಇದು ಬರೀ ಕಾಗದದ ಮಾತಾಗಿ ಉಳಿಯಲಿಲ್ಲ. ಸ್ಲೊವಾಕಿಯಾದ ಕಥೆ ಕೇಳಿ. ಅದರ ದಕ್ಷಿಣದ ಗಡಿಯಲ್ಲಿ ಹಂಗೇರಿಯನ್ ಮಾತಾಡುವವರು ಇದ್ದಾರೆ, ದೇಶದ ಜನರಲ್ಲಿ ಹತ್ತರಲ್ಲೊಬ್ಬರಷ್ಟು. ಅವರು ಎಲ್ಲಿಂದಲೋ ವಲಸೆ ಬಂದವರಲ್ಲ. ಮೊದಲ ಮಹಾಯುದ್ಧದ ನಂತರ ಗಡಿಯೇ ಅವರ ಮನೆ ದಾಟಿ ಆಚೆ ಹೋಯಿತು. (ಈ ವಾಕ್ಯವನ್ನು ನಮ್ಮವರಿಗೆ ಬಿಡಿಸಿ ಹೇಳುವುದು ಬೇಡ.) 1995ರಲ್ಲಿ ಅಲ್ಲಿನ ಸರಕಾರ ರಾಜ್ಯಭಾಷಾ ಕಾನೂನು ತಂದಿತು. ಹಂಗೇರಿಯನ್ ಶಾಲೆಗಳಲ್ಲಿ ಮಕ್ಕಳ ಅಂಕಪಟ್ಟಿಯನ್ನು ಎರಡು ಭಾಷೆಗಳಲ್ಲಿ ಕೊಡುವುದಕ್ಕೂ ತಡೆ ಬಂತು. 1997ರಲ್ಲಿ ಯುರೋಪಿಯನ್ ಆಯೋಗ ಸ್ಲೊವಾಕಿಯಾವನ್ನು ರಾಜಕೀಯ ಪರೀಕ್ಷೆಯಲ್ಲಿ ಫೇಲ್ ಮಾಡಿತು. ಅಕ್ಕಪಕ್ಕದ ದೇಶಗಳು ಮುಂದಿನ ಬೆಂಚಿಗೆ ಹೋದವು, ಇದು ಹಿಂದೆ ಉಳಿಯಿತು. ಮರುವರ್ಷ ಚುನಾವಣೆಯಲ್ಲಿ ಸರಕಾರ ಬದಲಾಯಿತು. 1999ರಲ್ಲಿ ಹೊಸ ಕಾನೂನು ಬಂತು: ಒಂದು ಊರಿನಲ್ಲಿ ಶೇ. 20ರಷ್ಟು ಜನ ಅಲ್ಪಸಂಖ್ಯಾತ ಭಾಷೆಯವರಿದ್ದರೆ ಅಲ್ಲಿನ ಕಚೇರಿಯಲ್ಲಿ ಆ ಭಾಷೆ ನಡೆಯಬೇಕು. ಅದೇ ಡಿಸೆಂಬರಿನಲ್ಲಿ ಮಾತುಕತೆಗೆ ಕರೆ ಬಂತು, 2004ರ ಮೇ 1ಕ್ಕೆ ಸ್ಲೊವಾಕಿಯಾ ಒಕ್ಕೂಟದ ಸದಸ್ಯ.

ಕಥೆ ಇಲ್ಲಿಗೇ ನಿಂತಿದ್ದರೆ ಚಂದ ಇತ್ತು. 2009ರಲ್ಲಿ ಅದೇ ದೇಶ ರಾಜ್ಯಭಾಷಾ ಕಾನೂನನ್ನು ಮತ್ತೆ ಬಿಗಿ ಮಾಡಿ, ತಪ್ಪಿದರೆ 5,000 ಯೂರೋವರೆಗೆ ದಂಡ ಅಂತ ಬರೆಯಿತು. ಹಂಗೇರಿ ಬೊಬ್ಬೆ ಹಾಕಿತು, ಯುರೋಪಿನಲ್ಲಿ ಚರ್ಚೆಯೂ ಆಯಿತು. ಆದರೆ ಒಳಗೆ ಬಂದು ಕುರ್ಚಿಯಲ್ಲಿ ಕೂತವನಿಗೆ ಬಾಗಿಲು ಹಾಕ್ತೇನೆ ಅಂತ ಹೆದರಿಸಲಿಕ್ಕೆ ಆಗ್ತದಾ?

ಪರೀಕ್ಷಕರ ಸಂಗತಿಯೂ ಸ್ವಲ್ಪ ಹೇಳಬೇಕು. ಅಲ್ಪಸಂಖ್ಯಾತ ಭಾಷೆಗಳ ರಕ್ಷಣೆಗೆ ಯುರೋಪಿನಲ್ಲಿ ಒಂದು ಸನ್ನದು ಉಂಟು. ಒಕ್ಕೂಟದ ಸ್ಥಾಪಕ ದೇಶವಾದ ಫ್ರಾನ್ಸ್ ಅದಕ್ಕೆ 1999ರಲ್ಲಿ ಸಹಿ ಹಾಕಿದ್ದು ಹೌದು, ಸಂಸತ್ತಿನಲ್ಲಿ ಅಂಗೀಕರಿಸಿದ್ದು ಇಲ್ಲ. ತಾನು ಬರೆಯದ ಪರೀಕ್ಷೆಗೆ ಮಾರ್ಕ್ಸ್ ಹಾಕುವ ಮೇಷ್ಟ್ರು! ನೆರೆಯವರ ಹಠವೂ ಕಡಿಮೆ ಇಲ್ಲ. ಉತ್ತರ ಮ್ಯಾಸಿಡೋನಿಯಾ ತನ್ನ ಅಲ್ಬೇನಿಯನ್ ಭಾಷಿಕರಿಗೆ 2001ರ ಒಪ್ಪಂದದಿಂದ ದೊಡ್ಡ ಹಕ್ಕನ್ನೇ ಕೊಟ್ಟಿತು, ಗ್ರೀಸಿನ ಒತ್ತಾಯಕ್ಕೆ ದೇಶದ ಹೆಸರನ್ನೂ ಬದಲಿಸಿತು. ಆದರೂ 2020ರಲ್ಲಿ ಬಲ್ಗೇರಿಯಾ ಅಡ್ಡ ಬಂತು, ನಿಮ್ಮ ಭಾಷೆ ನಮ್ಮದರ ಉಪಭಾಷೆ ಅನ್ನುವ ಹಳೆಯ ವಾದ ಹಿಡಿದು. ಹಾಗಾಗಿ ಆ ವ್ಯವಸ್ಥೆಯನ್ನು ದೇವರ ತಕ್ಕಡಿ ಅಂತ ನಾವು ತಲೆ ಮೇಲೆ ಹೊತ್ತು ಕುಣಿಯುವುದಿಲ್ಲ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ರಾಜ್ಯ ಬೇರೆ, ದೇಶ ಬೇರೆ, ಹೋಲಿಕೆ ಪೂರ್ತಿ ಹೊಂದುವುದಿಲ್ಲ ಅನ್ನುವುದು ನಮಗೂ ಗೊತ್ತುಂಟು. ಆದರೂ ಒಂದು ಪ್ರಶ್ನೆ ಬಿಡುವುದಿಲ್ಲ. 1956ರ ನವೆಂಬರ್ 1ಕ್ಕೆ ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡನ್ನು ಬಿಡಿಸಿ ಕೇರಳಕ್ಕೆ ಸೇರಿಸಿದಾಗ, ಹೊಸ ರಾಜ್ಯಕ್ಕೆ ಕನ್ನಡದಲ್ಲಿ ಶಾಲೆ, ಕಚೇರಿ ನಡೆಸುವ ತಯಾರಿ ಉಂಟಾ ಅಂತ ಯಾರು ಪರೀಕ್ಷೆ ಮಾಡಿದ್ದರು? ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಮಹಾಜನ ಆಯೋಗ ಹೇಳಿದ್ದು 1967ರಲ್ಲಿ, ಸೇರಿಸಿ ಹತ್ತು ವರ್ಷ ಕಳೆದ ಮೇಲೆ. ನಮ್ಮಲ್ಲಿ ಮೊದಲು ಸೇರಿಸಿದ್ದು, ಆಮೇಲೆ ಭರವಸೆ ಕೊಟ್ಟದ್ದು.

ಭರವಸೆಗಳು ಮಾತ್ರ ಸಣ್ಣವಲ್ಲ. ಅದೇ ದಿನ ಜಾರಿಗೆ ಬಂದ ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಕರ್ಯ ಒದಗಿಸಿ ಅನ್ನುತ್ತದೆ. ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಆ ಭಾಷೆಯ ಅಧ್ಯಾಪಕರು ಬೇಕು ಅನ್ನುವ ಸೂತ್ರ 1949ರಷ್ಟು ಹಳೆಯದು. ಒಂದು ಪ್ರದೇಶದಲ್ಲಿ ಶೇ. 15ರಷ್ಟು ಭಾಷಾ ಅಲ್ಪಸಂಖ್ಯಾತರಿದ್ದರೆ ಮುಖ್ಯ ಸೂಚನೆ, ನಿಯಮಗಳು ಅವರ ಭಾಷೆಯಲ್ಲೂ ಪ್ರಕಟವಾಗಬೇಕು. ಗಮನಿಸಿ, ಸ್ಲೊವಾಕಿಯಾ ಒತ್ತಡಕ್ಕೆ ಬಿದ್ದು ಬರೆದದ್ದು 20, ನಮ್ಮಲ್ಲಿ 15. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲಂತೂ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರಕ್ಕೆ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತ ಉಂಟು. ಕಾಗದದಲ್ಲಿ ನಾವು ಯುರೋಪಿಗಿಂತ ಹಿಂದೆ ಇಲ್ಲ.

ಹಾಗಾದರೆ ಕೊರತೆ ಎಲ್ಲಿ? ನಮ್ಮಲ್ಲೂ ಒಬ್ಬ ಪರೀಕ್ಷಕರಿದ್ದಾರೆ: 350ಬಿ ವಿಧಿಯಂತೆ 1957ರಿಂದ ಕೆಲಸ ಮಾಡುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರು. ಐವತ್ತಕ್ಕೂ ಹೆಚ್ಚು ವರದಿ ಬರೆದಾಗಿದೆ, ಅವು ಸಂಸತ್ತಿನ ಮುಂದೆ ಹೋಗ್ತವೆ. ಆದರೆ ಆ ಪರೀಕ್ಷಕರ ಕೈಯಲ್ಲಿ ಬಾಗಿಲೂ ಇಲ್ಲ, ಬೆತ್ತವೂ ಇಲ್ಲ. ಕೇಳಿದ ಮಾಹಿತಿಗೆ ಉತ್ತರವನ್ನೇ ಕೊಡದ ರಾಜ್ಯಕ್ಕೂ ಏನೂ ಆಗುವುದಿಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಗೊತ್ತಿಲ್ಲದ ಅಧ್ಯಾಪಕರು ಬಂದು ನಿಲ್ಲುವುದು, ಮಕ್ಕಳೂ ಹೆತ್ತವರೂ ಬೀದಿಗೆ ಇಳಿಯುವುದು, ಎರಡು ದಿನ ಪತ್ರಿಕೆಯಲ್ಲಿ ಬರುವುದು, ಮತ್ತೆ ಜೂನ್‌ನಲ್ಲಿ ಅದೇ. 2017ರಲ್ಲಿ ಮಲಯಾಳ ಕಲಿಕೆ ಕಡ್ಡಾಯದ ಸುಗ್ರೀವಾಜ್ಞೆಗೆ ಕಾಸರಗೋಡಿನಲ್ಲಿ ನಡೆದ ಪ್ರತಿಭಟನೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮಲಯಾಳ ಕಲಿಯುವುದಕ್ಕೆ ನಮ್ಮ ತಕರಾರಿಲ್ಲ, ಪೆರ್ಲ ಪೇಟೆಯಲ್ಲಿ ನಾಲ್ಕು ಭಾಷೆ ಆಡದೆ ಒಂದು ಚಾ ಕುಡಿಯಲಿಕ್ಕೂ ಆಗುವುದಿಲ್ಲ. ತಕರಾರಿರುವುದು ಕನ್ನಡದ ಜಾಗ ಕಿತ್ತು ಅಲ್ಲಿ ಅದನ್ನು ಕೂರಿಸುವುದಕ್ಕೆ. ಇದೇ ಅಳತೆಕೋಲನ್ನು ಬೆಳಗಾವಿಯ ಮರಾಠಿ ಮಕ್ಕಳ ಶಾಲೆಗೂ ಹಿಡಿಯಬೇಕು ಅಂತ ನಾವು ಹೇಳಿದರೆ ಕೆಲವರಿಗೆ ಸಿಟ್ಟು ಬರ್ತದೆ. ಬರಲಿ.

ಬ್ರಸೆಲ್ಸ್‌ನ ವರದಿಗಳಿಂದ ನಾವು ಎತ್ತಿಕೊಳ್ಳಬೇಕಾದ್ದು ಒಂದು ಅಭ್ಯಾಸ. ಅವರು ಕಾನೂನು ಉಂಟಾ ಅಂತ ಕೇಳಿ ನಿಲ್ಲಿಸುವುದಿಲ್ಲ, ಅದು ನಡೆಯುತ್ತಿದೆಯಾ ಅಂತ ವರ್ಷ ವರ್ಷ ಲೆಕ್ಕ ಕೇಳ್ತಾರೆ. ಸರಕಾರ ಹೇಳಿದ್ದಷ್ಟನ್ನೇ ನಂಬುವುದೂ ಇಲ್ಲ. ಆ ದೇಶಗಳ ಸಂಘಟನೆಗಳು ತಾವೇ ಬರೆದ ಪರ್ಯಾಯ ವರದಿಯನ್ನೂ ಕೊಡ್ತವೆ. ಇದು ನಮ್ಮ ಪಂಚಾಯತಿಗೆ ಹೊಸತಲ್ಲ. ಪಡ್ರೆಯ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದಾಗ ಏನೂ ಆಗಿಲ್ಲ ಅನ್ನುವವರಿದ್ದರು. ಕಾಯಿಲೆ ಬಿದ್ದವರ ವಿವರವನ್ನು ಮೊದಲು ಬರೆದಿಟ್ಟದ್ದು, ಹೊರಗಿನ ಪ್ರಪಂಚಕ್ಕೆ ಮುಟ್ಟಿಸಿದ್ದು ಊರಿನದೇ ವೈದ್ಯರು, ಬರಹಗಾರರು. ದೊಡ್ಡ ಸಮಿತಿಗಳು ಬಂದದ್ದು ಆಮೇಲೆ. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ.

ಈ ವರ್ಷ ಎಣ್ಮಕಜೆಯಿಂದಲೇ ಶುರು ಮಾಡುವ ಅಂತ ನಾವು ತೀರ್ಮಾನಿಸಿದ್ದೇವೆ. ಪಡ್ರೆ, ಕಾಟುಕುಕ್ಕೆ, ಶೇಣಿ, ಪೆರ್ಲ, ಎಲ್ಲೇ ಇರಿ, ನಿಮ್ಮ ಕಚೇರಿಗೆ ಕನ್ನಡದಲ್ಲೇ ಒಂದು ಅರ್ಜಿ ಬರೆಯಿರಿ, ಯಾವ ಭಾಷೆಯಲ್ಲಿ, ಎಷ್ಟು ದಿನಕ್ಕೆ ಉತ್ತರ ಬಂತು ಅಂತ ಗುರುತು ಹಾಕಿ. ನೋಟಿಸು, ಫಾರ್ಮು, ಬಸ್ಸಿನ ಬೋರ್ಡು ನೋಡಿ. ತಮ್ಮ, ತಂಗಿಯರ ತರಗತಿಯಲ್ಲಿ ಯಾವ ಪಾಠಕ್ಕೆ ಕನ್ನಡ ಬಲ್ಲ ಅಧ್ಯಾಪಕರಿಲ್ಲ, ಯಾವ ತಾರೀಕಿನಿಂದ ಇಲ್ಲ, ಅದನ್ನು ಬರೆಯಿರಿ. ಬೈಗುಳ ಬೇಡ, ಯಾವ ನೌಕರರ ಹೆಸರೂ ಬೇಡ, ಅವರಲ್ಲಿ ಹೆಚ್ಚಿನವರು ಸಂಬಳಕ್ಕೆ ದುಡಿಯುವ ಬಡಪಾಯಿಗಳು. ಕನ್ನಡದಲ್ಲಿ ಸರಿಯಾಗಿ ಕೆಲಸ ಆದ ಕಡೆ ಅದನ್ನೂ ಬರೆಯಲೇಬೇಕು, ಇಲ್ಲದಿದ್ದರೆ ನಮ್ಮ ವರದಿಯನ್ನು ಯಾರೂ ನಂಬುವುದಿಲ್ಲ. ಫೋಟೋ ಕಳಿಸುವಾಗ ಅರ್ಜಿಯ ಮೇಲಿನ ಕಚೇರಿ ಮುದ್ರೆ, ತಾರೀಕು ಸರಿಯಾಗಿ ಕಾಣುವ ಹಾಗೆ ತೆಗೆಯಿರಿ. ಒಂದು ಪ್ರತಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಹೋಗ್ತದೆ, ಒಂದು ಜಿಲ್ಲಾಧಿಕಾರಿಗೆ, ಒಂದು ಪಂಚಾಯತಿಗೆ.