ಅದು ಬ್ಯಾಟರಿ ನೀರಲ್ಲ, ಆಸಿಡ್!

ಕಳೆದ ಬೇಸಿಗೆ ರಜೆಯಲ್ಲಿ ಬೇಲೆಕೇರಿಯ ತವರಿಗೆ ಹೋಗಿದ್ದೆ. ಕಡಲ ದಂಡೆಯಿಂದ ಬೆವರು ಸುರಿಸುತ್ತ ಓಡಿ ಬಂದ ಮಗ, ಹಿತ್ತಿಲ ಕಟ್ಟೆಯ ಮೇಲಿದ್ದ ನೀರಿನ ಬಾಟಲಿಗೆ ಕೈ ಹಾಕಿದ. ‘ತಮಾ, ಅದು ನೀರಲ್ವೋ!’ ಎಂದು ಆಯಿ ಕೂಗಿ ಕಿತ್ತುಕೊಂಡಳು. ಅಣ್ಣ ದೋಣಿಯ ಬ್ಯಾಟರಿಗೆಂದು ತಂದಿಟ್ಟ ಆಸಿಡ್ ಅದು. ಮೇಲೆ ಚೀಟಿಯಿಲ್ಲ, ನೋಡೋಕೆ ಥೇಟ್ ನೀರು. ಮನೆಯವರ ಬಾಯಲ್ಲೂ ಅದು ‘ಬ್ಯಾಟರಿ ನೀರು’!

ಇನ್ವರ್ಟರ್ ಇರುವ ನಮ್ಮ ನಿಮ್ಮ ಮನೆಗಳಲ್ಲೂ ಇದೇ ಕಥೆ ಅಲ್ವೇ? ಬ್ಯಾಟರಿಗೆ ನಾವು ಆಗಾಗ ತುಂಬಿಸುವುದು ಡಿಸ್ಟಿಲ್ಡ್ ವಾಟರ್. ಆದರೆ ಒಳಗಿರುವುದು ನೀರು ಬೆರೆತ ಸಲ್ಫ್ಯೂರಿಕ್ ಆಸಿಡ್, ಅಂದರೆ ಗಂಧಕಾಮ್ಲ.

ಈ ಆಸಿಡ್ ಕಬ್ಬಿಣ, ಸತುವನ್ನು ತಿನ್ನುತ್ತದೆ. ಆಗ ಏಳುವ ಗುಳ್ಳೆ ಹೈಡ್ರೋಜನ್. ಕಿಡಿ ತಾಗಿದರೆ ಹೊತ್ತಿಕೊಳ್ಳುವ ಅನಿಲ. ಬ್ಯಾಟರಿ ಚಾರ್ಜ್ ಆಗುವಾಗಲೂ ಇದೇ ಅನಿಲ ಬರುತ್ತದೆ. ಹಾಗಾಗಿ ಇನ್ವರ್ಟರ್ ಪಕ್ಕ ದೀಪ, ಊದುಬತ್ತಿ ಬೇಡ, ಅಲ್ಲಿ ಗಾಳಿಯಾಡಲಿ.

ತಾಮ್ರದ ಕೊಡ ಫಳಫಳ ಹೊಳೆಯಲಿ ಅಂತ ಆಸಿಡ್ ಹಚ್ಚುವವರಿದ್ದಾರೆ. ಕಪ್ಪೇನೋ ಹೋಗುತ್ತದೆ, ಆದರೆ ಅದು ಕರಗಿ ಆಗುವುದು ಮೈಲುತುತ್ತ, ಅಡಿಕೆ ತೋಟದ ಔಷಧಿಗೆ ಬಳಸುವ ಅದೇ ವಿಷ! ನಮಗೆ ಹುಣಸೆಹಣ್ಣು, ಉಪ್ಪು ಸಾಕು.

ಹತ್ತಿ ಸೀರೆಗೆ ಒಂದು ಹನಿ ಸಿಡಿದರೆ ಆಗ ಗೊತ್ತಾಗುವುದಿಲ್ಲ. ನೀರು ಆರಿ ಆಸಿಡ್ ಗಟ್ಟಿಯಾದ ಮೇಲೆ, ಒಗೆದಾಗ ತೂತು! ಕಟ್ಟಿದ ಪೈಪಿಗೆ ಸುರಿಯುವ ಕೆಲವು ಆಸಿಡ್‌ಗಳಂತೂ ಇನ್ನೂ ತೀಕ್ಷ್ಣ. ಗಟ್ಟಿ ಗಂಧಕಾಮ್ಲ ಸಕ್ಕರೆಯ ನೀರಿನಂಶ ಹೀರಿ ಇದ್ದಿಲು ಮಾಡಿಬಿಡುತ್ತದೆ. ಇನ್ನು ನಮ್ಮ ಚರ್ಮದ ಗತಿ? ಅದರ ಮೇಲೆ ನೀರು ಸುರಿಯಲೇಬೇಡಿ, ಕುದಿದು ಮುಖಕ್ಕೆ ಸಿಡಿಯುತ್ತದೆ. ಬ್ಲೀಚಿಂಗ್ ಪೌಡರ್ ಜೊತೆ ಯಾವ ಆಸಿಡ್ಡೂ ಸೇರಬಾರದು, ವಿಷಗಾಳಿ ಏಳುತ್ತದೆ.

ಮೈಗೆ, ಕಣ್ಣಿಗೆ ತಾಗಿದರೆ ಬಟ್ಟೆ ಕಳಚಿ, ಕನಿಷ್ಠ 20 ನಿಮಿಷ ನಲ್ಲಿ ನೀರು ಹರಿಯಬಿಡಿ. ಸೋಡಾ, ಅರಿಶಿನ ಹಚ್ಚಬೇಡಿ. ಮಗು ಕುಡಿದಿದ್ದರೆ ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಓಡಿ.

ಆಸಿಡ್ ಕೊಳ್ಳುವವರ ಗುರುತಿನ ಚೀಟಿ ನೋಡಿ, ಹೆಸರು ಬರೆದುಕೊಂಡೇ ಮಾರಬೇಕು, 18 ವರ್ಷದೊಳಗಿನವರಿಗೆ ಕೊಡಲೇಬಾರದು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೆಣ್ಣುಮಕ್ಕಳ ಮೇಲಿನ ಆಸಿಡ್ ದಾಳಿ ತಡೆಯಲು ಬಂದ ನಿಯಮ ಅದು. ಅಂಗಡಿಗೆ ಇಷ್ಟು ಕಟ್ಟುನಿಟ್ಟು, ನಮ್ಮ ಮನೆಯೊಳಗೆ ಮಾತ್ರ ಕುಡಿಯುವ ನೀರಿನ ಬಾಟಲಿಯಲ್ಲಿ ಆಸಿಡ್ಡೇ?

ಇವತ್ತೇ ಒಮ್ಮೆ ಬಚ್ಚಲು, ಬಾಲ್ಕನಿ, ಇನ್ವರ್ಟರ್ ಮೂಲೆ ನೋಡಿಬನ್ನಿ. ಆಸಿಡ್ ಅದು ಬಂದ ಬಾಟಲಿಯಲ್ಲೇ, ಹೆಸರು ಹೊತ್ತು, ಬೀಗದೊಳಗಿರಲಿ. ‘ನೀರು’ ಅನ್ನೋ ಹೆಸರು ನೀರಿಗೆ ಮಾತ್ರ ಇರಲಿ.